ಬೈನಿರ್‌ನ ಮೇಲೆ ಕಟ್ಟಿದ ಹಾಡು

ಕ್ವಾನ್ವಿಕ್, ಫೆರೋ ದ್ವೀಪಗಳು
೨ ಸೆಪ್ಟೆಂಬರ್ ೧೯೫೬

ಪ್ರೀತಿಯ ತಂಗಿ ಎಲ್ಸ್ಪಾಗೆ,

ನೀನು ಹೇಗಿದ್ದೀಯ? ನಿನ್ನ ಗಂಡ ಕ್ರೆಸ್ಟೆನ್‌ನ ಸೊಂಟ ನೆಟ್ಟಗಾಯಿತೆ, ಇಲ್ಲ ಇನ್ನೂ ಕುರ್ಚಿ ಹಿಡಿದೇ ಏಳುತ್ತಾನೆಯೆ? ಮಗಳು ಇಂಗಾಳ ಕೆಮ್ಮು ಹೋಯಿತೆ? ನಾನು ಹೆಣೆದು ಕಳಿಸಿದ ಕಾಲುಚೀಲ ಚುಚ್ಚುತ್ತದೆ ಅಂದಳಂತೆ. ಚುಚ್ಚಲಿ ಬಿಡು, ಚುಚ್ಚುವ ಉಣ್ಣೆಯೇ ಬೆಚ್ಚಗಿರುವುದು. ಇಲ್ಲಿ ನನ್ನ ಮೊಣಕಾಲು ರೇಡಿಯೋಗಿಂತ ಮೊದಲೇ ಮಳೆಯ ಸುದ್ದಿ ಹೇಳುತ್ತಿದೆ. ಪಕ್ಕದ ಮನೆಯ ಸೀಮುನ್‌ಗೆ ಹಲ್ಲು ಕಿತ್ತರು. ಅಷ್ಟು ದೊಡ್ಡ ಗಂಡಸು, ದೋಣಿಮನೆಯವರೆಗೂ ಕೇಳುವ ಹಾಗೆ ಅತ್ತ. ಮುದುಕ ಹಾನುಸ್ ಇದ್ದಾನೆ. ಬೆನ್ನು ಬಾಗಿದೆ, ಗಂಟಲು ಮಾತ್ರ ಹೋರಿಯದು. ಕುಣಿತಕ್ಕೆ ಹಾಡು ಹಿಡಿಯುವವನು ಇವತ್ತಿಗೂ ಅವನೇ. ಹುಲ್ಲು ಕೊಯ್ದು ಒಳಗೆ ಹಾಕಿದ್ದೇವೆ, ಅರ್ಧ ಒಣಗಿದ್ದು, ಅರ್ಧ ದೇವರಿಗೆ ಬಿಟ್ಟದ್ದು.

ಈಗ ಒಂದು ವಿಷಯ. ನಮ್ಮ ಬೈನಿರ್ ನಿಮ್ಮ ಕಡೆ ಬರಬೇಕು ಅನ್ನುತ್ತಾನೆ. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಾನಂತೆ. ವಯಸ್ಸು ಇಪ್ಪತ್ತೆರಡು, ಊರು ಬಿಟ್ಟು ನೋಡುವ ಆಸೆ ಇರುವುದೇ. ತಮ್ಮ ನಿಕ್ಲಾಸ್ ಸಮುದ್ರದ ಪಾಲಾದ ಮೇಲೆ ನನ್ನ ಮಡಿಲಿಗೆ ಬಂದ ಕೂಸು ಅದು. ಈಗ ಬಾಗಿಲು ದಾಟಬೇಕಾದರೆ ತಲೆ ಬಗ್ಗಿಸುತ್ತದೆ. ನಿನ್ನ ಅಡುಗೆಮನೆಯ ಬೆಂಚಿನ ಮೇಲೆ ಅವನಿಗೊಂದು ಹಾಸಿಗೆ ಆದೀತೆ? ಊಟ ಜಾಸ್ತಿ, ಮಾತು ಕಡಿಮೆ. ಈಚೆಗೆ ಮಾತು ಇನ್ನೂ ಕಡಿಮೆ.

ಅಕ್ಟೋಬರ್ ಮೊದಲ ವಾರದ ಹಡಗಿಗೆ ಹೊರಡುತ್ತಾನೆ. ಹಿಂದಿನ ಸಂಜೆ ಕುಣಿತದ ಮನೆಯಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದೇವೆ. ಊರಿನ ಪದ್ಧತಿ ಬಿಡಲಾದೀತೆ?

ಈ ಬೇಸಿಗೆ ತಿಮಿಂಗಿಲದ ಹಿಂಡು ಒಂದು ನಮ್ಮ ಕೊಲ್ಲಿಯ ಬಾಯಿಗೆ ಬಂದಿತ್ತು. ನಮಗೆ ಬರೆದದ್ದಿರಲಿಲ್ಲ, ಹೊರಟುಹೋಯಿತು. ಕುರಿಮಾಂಸದಲ್ಲೇ ಚಳಿಗಾಲ ಕಳೆಯುತ್ತೇವೆ.

ನಿನ್ನ ಅಕ್ಕ,
ಸುನ್ನುವಾ


ಕೋಪನ್‌ಹೇಗನ್
೧೪ ಸೆಪ್ಟೆಂಬರ್ ೧೯೫೬

ಪ್ರೀತಿಯ ಅಕ್ಕ,

ಬೆಂಚಿನ ಮೇಲೆ ಯಾಕೆ, ಇಂಗಾಳ ಕೋಣೆಯನ್ನೇ ಬಿಡಿಸಿ ಕೊಡುತ್ತೇನೆ. ಅವಳು ನಮ್ಮ ಜೊತೆ ಮಲಗುತ್ತಾಳೆ. ಕ್ರೆಸ್ಟೆನ್ ಕಾರ್ಖಾನೆಯ ಮೇಸ್ತ್ರಿಯ ಹತ್ತಿರ ಆಗಲೇ ಮಾತಾಡಿ ಬಂದ. "ಫೆರೋ ಹುಡುಗರಾ? ಬರಲಿ ಬರಲಿ, ಅವರಿಗೆ ಚಳಿ ಅಂದ್ರೇನು ಅಂತಾನೇ ಗೊತ್ತಿಲ್ಲ" ಅಂದನಂತೆ. ಕ್ರೆಸ್ಟೆನ್‌ಗೆ ಬಹಳ ಖುಷಿ. ಮನೆಯಲ್ಲಿ ಇನ್ನೊಂದು ಗಂಡುದಿಕ್ಕಾಗುತ್ತದೆ, ನಿನ್ನ ನಾಲಿಗೆಯ ಪೆಟ್ಟನ್ನು ಇಬ್ಬರೂ ಹಂಚಿಕೊಳ್ಳಬಹುದು ಎಂದು ನನ್ನನ್ನು ಆಡಿಕೊಳ್ಳುತ್ತಾನೆ.

ಆದರೆ ಅಕ್ಕ, ನೀನು ಏನೋ ಮುಚ್ಚಿಟ್ಟಿದ್ದೀಯ. ನಾನು ಊರು ಬಿಟ್ಟು ಮೂವತ್ತು ವರ್ಷದ ಹತ್ತಿರವಾದರೂ ಊರಿನ ವರಸೆ ಮರೆತಿಲ್ಲ. ಕುರಿ ಕಡಿಯುವ ಕಾಲಕ್ಕೆ ಸರಿಯಾಗಿ ಯಾವ ಗಂಡಸೂ ತಾನಾಗಿ ಮನೆ ಬಿಟ್ಟು ಹೊರಡುವುದಿಲ್ಲ. ಗುಡ್ಡದಿಂದ ಕುರಿ ಇಳಿಸುವವರು ಯಾರು? ಮಾಂಸವನ್ನು ಒಣಗಲು ಗಾಳಿಗುಡಿಸಲಿಗೆ ಹೊತ್ತು ತೂಗುಹಾಕುವವರು ಯಾರು? ನಿನ್ನ ಮೊಣಕಾಲೆ? ಅವನು ಯಾವುದರಿಂದಲೋ ಓಡಿ ಬರುತ್ತಿದ್ದಾನೆ. ಹುಡುಗಿಯ ವಿಷಯವೆ? ಯಾರ ಮಗಳಾದರೂ ಬಸಿರಾಗಿದ್ದಾಳೆಯೆ? ಹಾಗಿದ್ದರೆ ಮದುವೆ ಮಾಡಿ ಇಬ್ಬರನ್ನೂ ಕಳಿಸು, ಕೋಣೆ ಚಿಕ್ಕದಾದರೂ ಬಾಗಿಲಿದೆ.

ಬೀಳ್ಕೊಡುಗೆ ಎಂದು ಓದಿದಾಗ ಕಾಗದವನ್ನು ಅಲ್ಲಿಗೇ ಮಡಚಿಟ್ಟೆ. ಯಾಕೆಂದು ನಿನಗೆ ಗೊತ್ತು. ಬೀಳ್ಕೊಡುಗೆಗೆ ಕುಣಿತವೇ ಆಗಬೇಕೆ? ಕಾಫಿ ಕುಡಿಸಿ ಕಳಿಸಿದರೆ ಆಗದೆ?

ನಿಜ ಬರೆ.

ಎಲ್ಸ್ಪಾ


ಕ್ವಾನ್ವಿಕ್
೨೩ ಸೆಪ್ಟೆಂಬರ್ ೧೯೫೬

ಪ್ರೀತಿಯ ಎಲ್ಸ್ಪಾ,

ಯಾರೂ ಬಸಿರಾಗಿಲ್ಲ. ಆಗಿದ್ದರೆ ಎಷ್ಟೋ ಸುಲಭವಿತ್ತು.

ಹಿಂಡು ನಮಗೆ ಬರೆದದ್ದಿರಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಬರೆದಿತ್ತು. ದೋಣಿಗಳೆಲ್ಲ ಅರ್ಧಚಂದ್ರದ ಹಾಗೆ ಹಿಂದೆ ನಿಂತು ಹಿಂಡನ್ನು ಕೊಲ್ಲಿಯ ಒಳಗೆ ಅಟ್ಟುತ್ತಿದ್ದವು. ಉಸಿರಿನ ಶಬ್ದವೂ ಇಲ್ಲ. ಹಾನುಸ್ ಕೈ ಎತ್ತುವವರೆಗೆ ಯಾರೂ ಒಂದು ಕಲ್ಲೂ ಎಸೆಯುವಂತಿಲ್ಲ. ಆ ಶಿಸ್ತು ನಿನಗೆ ಗೊತ್ತೇ ಇದೆ. ದಡದಲ್ಲಿ ಹೆಂಗಸರೆಲ್ಲ ನಿಂತಿದ್ದೆವು. ಪಕ್ಕದ ಊರಿನ ರಾಗ್ನಾ, ಕೆಂಪು ಕೂದಲಿನ ಹುಡುಗಿ, ಅವಳೂ ಬಂದಿದ್ದಳು. ಸೀಮುನ್‌ನ ದೋಣಿಯಲ್ಲಿ ಮೂರನೆಯ ಹುಟ್ಟು ಹಾಕುತ್ತಿದ್ದ ನಮ್ಮ ಮಹಾರಾಯ ಅವಳನ್ನು ಕಂಡ. ಕಂಡವನು ತಾನು ಹೇಗೆ ಕಾಣುತ್ತೇನೆ ಎಂದು ತೋರಿಸಲು ಎದ್ದು ನಿಂತ. ನಿಂತವನು ತಲೆಕೆಳಗಾಗಿ ನೀರಿಗೆ ಬಿದ್ದ.

ಆ ಸದ್ದಿಗೆ ಹಿಂಡು ತಿರುಗಿತು. ದೋಣಿಗಳ ಅಡಿಯಲ್ಲಿ ನುಸುಳಿ ತೆರೆದ ಕಡಲಿಗೆ ಹೋಯಿತು. ಇಡೀ ಊರಿನ ಚಳಿಗಾಲದ ಊಟ ಬೆನ್ನು ತೋರಿಸಿ ಹೋಗುವುದನ್ನು ನಾವು ನಿಂತು ನೋಡಿದೆವು.

ಯಾರೂ ಬೈಯಲಿಲ್ಲ, ಎಲ್ಸ್ಪಾ. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ ಎಂದು ಅಜ್ಜಿ ಅನ್ನುತ್ತಿದ್ದಳಲ್ಲ. ಬೈದಿದ್ದರೆ ಹುಡುಗ ಉಳಿಯುತ್ತಿದ್ದ. ಸೀಮುನ್ ಅವನನ್ನು ಕೊರಳಪಟ್ಟಿ ಹಿಡಿದು ನೀರಿನಿಂದ ಎತ್ತಿ ಹಾಕಿ, ದಡದವರೆಗೂ ತುಟಿ ಬಿಚ್ಚಲಿಲ್ಲ. ಅವತ್ತಿನಿಂದ ಅಂಗಡಿಗೆ ಬೈನಿರ್ ಹೋದರೆ ಮಾತು ನಿಲ್ಲುತ್ತದೆ. ಅವನೂ ಹೋಗುವುದು ಬಿಟ್ಟ.

ಇನ್ನೊಂದು. ಮೊನ್ನೆ ದೋಣಿಮನೆಯ ಹಿಂದೆ ಹಾದು ಬರುವಾಗ ಒಳಗೆ ಹಾನುಸ್ ಒಬ್ಬನೇ ಹಲಗೆಯ ಮೇಲೆ ಕಾಲು ಬಡಿಯುತ್ತ ಗುನುಗುತ್ತಿದ್ದ. ಎರಡು ಹೆಜ್ಜೆ ಎಡಕ್ಕೆ, ಒಂದು ಬಲಕ್ಕೆ. ನಾನು ನಿಂತು ಕೇಳಿದೆ. ಬೈನಿರ್‌ನ ಹೆಸರು ಬಂತು. ಅಣಕು ಹಾಡು ಕಟ್ಟುತ್ತಿದ್ದಾನೆ. ಬೀಳ್ಕೊಡುಗೆಯ ಸಂಜೆ ಹಾಡುತ್ತಾರೆ. ಇಬ್ಬರು ಎರಡು ಪಕ್ಕದಲ್ಲಿ ಅವನ ಕೈ ಹಿಡಿದು, ಹಾಡು ಮುಗಿಯುವವರೆಗೆ ಬಿಡದೆ ಸುತ್ತಿನಲ್ಲಿ ಕುಣಿಸುತ್ತಾರೆ. ತನ್ನ ಹಾಡಿಗೆ ತಾನೇ ಕೊನೆಯ ಪದ್ಯದವರೆಗೂ ಹೆಜ್ಜೆ ಹಾಕಿದವನನ್ನು ಆಮೇಲೆ ಯಾರೂ ಆ ಮಾತೆತ್ತಿ ನೋಯಿಸುವುದಿಲ್ಲ, ಲೆಕ್ಕ ಚುಕ್ತಾ. ಕೈ ಕಿತ್ತುಕೊಂಡು ಹೋದವನ ಹಿಂದೆ ಹಾಡು ಜನ್ಮವಿಡೀ ಹೋಗುತ್ತದೆ.

ನಿನಗೆ ಇದನ್ನು ನಾನು ವಿವರಿಸಬೇಕೆ? ನೀನು ನಿನ್ನ ಮೇಲೆ ಕಟ್ಟಿದ ಟಗರಿನ ಹಾಡಿನ ಅರ್ಧದಲ್ಲಿ ಕೈ ಕಿತ್ತುಕೊಂಡು ಹೋದವಳು, ಮಾರನೆಯ ಹಡಗು ಹತ್ತಿದವಳು, ಇವತ್ತಿನವರೆಗೆ ಈ ದಡಕ್ಕೆ ಕಾಲಿಟ್ಟಿಲ್ಲ. ಅಪ್ಪನ ಮಣ್ಣಿಗೂ ಬರಲಿಲ್ಲ. ನನ್ನ ಭಯ ಅದೊಂದೇ. ಹುಡುಗ ಹೋಗಲಿ, ಹೋಗುವುದಕ್ಕೆ ನಾನು ಅಡ್ಡ ಬರುವುದಿಲ್ಲ. ತಿರುಗಿ ಬರಲಾರದ ಹಾಗೆ ಹೋಗುವುದು ಬೇಡ. ಅವನಿಗಿನ್ನೂ ಹೇಳಿಲ್ಲ. ಹೇಳಲೋ ಬೇಡವೋ ತಿಳಿಯುತ್ತಿಲ್ಲ.

ಸುನ್ನುವಾ


ಕೋಪನ್‌ಹೇಗನ್
೨೯ ಸೆಪ್ಟೆಂಬರ್ ೧೯೫೬

ಅಕ್ಕ,

ಟಪಾಲಿನ ಹಡಗು ಇವತ್ತೇ ಹೊರಡುತ್ತದೆ, ಹಾಗಾಗಿ ನಾಲ್ಕು ಸಾಲು. ಅವನನ್ನು ಆ ಕುಣಿತಕ್ಕೆ ಕಳಿಸಬೇಡ. ಅವತ್ತು ಮಧ್ಯಾಹ್ನವೇ ಯಾರದಾದರೂ ದೋಣಿಯಲ್ಲಿ ಹಾವ್ನ್ ಪಟ್ಟಣಕ್ಕೆ ಬಿಡು, ರಾತ್ರಿ ಬಂದರಿನಲ್ಲೇ ಮಲಗಲಿ. ನೀನು ಹೇಳುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ಅವನಿಗೇ ಬೇರೆ ಕಾಗದ ಹಾಕಿದ್ದೇನೆ. ಎಲ್ಲವನ್ನೂ ಬರೆದಿದ್ದೇನೆ. ಆ ಹಾಡನ್ನು ಅವನು ಕೇಳುವುದು ಬೇಡ. ಕೇಳಿದವಳು ನಾನು ಹೇಳುತ್ತಿದ್ದೇನೆ.

ಎಲ್ಸ್ಪಾ


ಕ್ವಾನ್ವಿಕ್
೯ ಅಕ್ಟೋಬರ್ ೧೯೫೬

ಪ್ರೀತಿಯ ಎಲ್ಸ್ಪಾ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬಲಗೈಗೆ ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದೇನೆ. ಯಾಕೆ ಎಂಬುದು ಮುಂದೆ ಬರುತ್ತದೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಹುಡುಗ ನಿನ್ನ ಮನೆಯಲ್ಲಿ ಉಂಡು ಮಲಗಿರುತ್ತಾನೆ.

ನಿನ್ನ ಎರಡು ಕಾಗದವೂ ಬೀಳ್ಕೊಡುಗೆಯ ದಿನವೇ ಬಂದವು. ಅವನದನ್ನು ಅವನಿಗೆ ಕೊಟ್ಟೆ. ಬಚ್ಚಿಡಬಹುದಿತ್ತು, ಇಡಲಿಲ್ಲ. ಆಲೂಗಡ್ಡೆ ಸುಲಿಯುತ್ತ ಅವನು ಓದುವುದನ್ನೇ ನೋಡುತ್ತಿದ್ದೆ. ಓದಿ ಮುಗಿಸಿ ಮಡಚಿದ.

"ಅತ್ತೆ, ಇವತ್ತು ಸಂಜೆ ನನ್ನ ಮೇಲೆ ಹಾಡು ಇದೆಯಂತೆ?"

"ಹೂಂ ಕಣಪ್ಪಾ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಆಲೂಗಡ್ಡೆ ಸುಲೀತಾ ಕೂತಿದ್ದೀರಲ್ಲ!"

"ಊರೆಲ್ಲ ಉಣ್ಣೋಕೆ ಬರುತ್ತೆ. ಸುಲೀದೆ ಇದ್ರೆ ಸಿಪ್ಪೆ ತಿನ್ನಿಸ್ಲಾ?"

ನಗಿಸಲು ಹೇಳಿದ ಮಾತು, ಅವನು ನಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೇಳಿದ: "ಯಾರು ಹಿಡೀತಾರೆ ನನ್ನ?"

"ಒಂದು ಕಡೆ ಸೀಮುನ್. ಇನ್ನೊಂದು ಕಡೆ ಯಾರು ಅಂತ ಇನ್ನೂ ಗೊತ್ತಾಗಿಲ್ಲ."

ಅವನು ಎದ್ದ. ಪೆಟ್ಟಿಗೆ ಎತ್ತಿಕೊಂಡ. ನನ್ನ ಕೆನ್ನೆಗೆ ಕೆನ್ನೆ ತಾಗಿಸಿ ಹೊರಟೇ ಹೋದ. ನಾನು ಕರೆಯಲಿಲ್ಲ, ಎಲ್ಸ್ಪಾ. ನೀನು ಹೇಳಿದಂತೆಯೇ ಆಗಲಿ ಎಂದು ಕೂತಿದ್ದೆ. ಕೈಯಲ್ಲಿದ್ದ ಆಲೂಗಡ್ಡೆ ಸುಲಿದು ಸುಲಿದು ಗೋಲಿಯಷ್ಟಾಗಿತ್ತು.

ಅವನು ನೇರ ಸೀಮುನ್‌ನ ಹತ್ತಿರ ಹೋಗಿ, ಈಗಲೇ ಹಾವ್ನ್‌ಗೆ ಬಿಡು ಎಂದನಂತೆ. ಸೀಮುನ್ ಹಲ್ಲಿಲ್ಲದ ಕಡೆಯಿಂದ ಉಗುಳಿ, "ದೋಣಿ ಬೇಕಾದ್ರೆ ತಗೋ. ಹುಟ್ಟು ಹಾಕೋರು ಯಾರೂ ಇಲ್ಲ. ಎಲ್ರೂ ನಿನ್ನ ಬೀಳ್ಕೊಡುಗೆಗೆ ಕಾಲು ತೊಳ್ಕೊಳ್ತಾ ಇದ್ದಾರೆ" ಅಂದನಂತೆ.

ಸಂಜೆ ಜನ ಸೇರಿತು. ಗಾಳಿಗುಡಿಸಲಿನಲ್ಲಿ ಹದವಾಗಿ ಹುಳಿ ಬರಿಸಿದ ಮಾಂಸ, ಆಲೂಗಡ್ಡೆ, ರೂಬಾರ್ಬ್ ಜಾಮಿನ ಕೇಕು. ರಾಗ್ನಾ ಕೂಡ ತನ್ನ ಅಣ್ಣನ ಜೊತೆ ಗುಡ್ಡ ದಾಟಿ ಬಂದಿದ್ದಳು, ಯಾರ ಮುಖವನ್ನೂ ನೋಡದೆ ಲೋಟ ತೊಳೆಯುತ್ತ ನಿಂತಳು. ಉಂಡದ್ದಾಯಿತು, ಬೀಳ್ಕೊಡಬೇಕಾದವನೇ ಇಲ್ಲ. ಯಾರೋ "ಮತ್ತೆ ನೀರಿಗೆ ಬಿದ್ನೋ ಏನೋ, ಹೋಗಿ ನೋಡ್ರೋ" ಅಂದರು. ಒಬ್ಬಿಬ್ಬರು ನಕ್ಕರು. ಅಷ್ಟು ದಿನದ ಮೇಲೆ ಊರಿನವರು ಆ ವಿಷಯಕ್ಕೆ ನಕ್ಕದ್ದು ಅದೇ ಮೊದಲು. ಹಾನುಸ್ ಬಾಗಿಲು ನೋಡಿದ, ನನ್ನನ್ನು ನೋಡಿದ. "ಏನ್ ಸುನ್ನುವಕ್ಕ, ನಿಮ್ಮ ಮನೇಲಿ ಇದು ಎರಡನೇದಾ?" ಅಂದ. ನನಗೆ ಆ ಮುದುಕನ ಗಡ್ಡ ಹಿಡಿದು ಜಗ್ಗಬೇಕು ಅನ್ನಿಸಿತು. ಅವನು ಬೇರೆ ಯಾವುದೋ ಹಳೆಯ ರಾಜನ ಹಾಡು ಹಿಡಿದ. ಸುತ್ತು ಕಟ್ಟಿತು, ಹಲಗೆ ಗುಡುಗಿತು.

ಆ ಹಾಡು ಮುಗಿಯುವ ಮುಂಚೆ ಬಾಗಿಲು ತೆರೆಯಿತು. ಬೈನಿರ್. ಕೈಯಲ್ಲಿ ಪೆಟ್ಟಿಗೆ, ಬೂಟು ಒದ್ದೆ. ಅಷ್ಟು ಹೊತ್ತೂ ದೋಣಿ ಹತ್ತುವ ಬಂಡೆಯ ಮೇಲೆ, ಪೆಟ್ಟಿಗೆಯ ಮೇಲೆ ಕೂತಿದ್ದನಂತೆ. ಯಾವ ಬಂಡೆ ಎಂದು ನಿನಗೆ ಗೊತ್ತು. ಆಮೇಲೆ ನನಗೆ ಹೇಳಿದ: "ಅಲ್ಲಿ ಕೂತಿದ್ದಾಗ ಎಲ್ಸ್ಪತ್ತೆ ನೆನಪಾದ್ರು. ಎದ್ದು ಬಂದೆ." ಅಷ್ಟೇ ಹೇಳಿದ್ದು. ನೀನು ಕಾಗದದಲ್ಲಿ ಏನು ಬರೆದಿದ್ದೆ ಎಂದು ನಾನು ಕೇಳಿಲ್ಲ.

ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟು, "ಹಾನುಸಜ್ಜ, ನಂದು ಶುರು ಮಾಡಿ" ಅಂದ. ಸೀಮುನ್ ಬಂದು ಅವನ ಬಲಗೈ ಹಿಡಿದ. ಎಡಗೈ ಹಿಡಿಯಲು ಇನ್ನೊಬ್ಬ ಗಂಡಸು ಮುಂದೆ ಬಂದ. ನಾನು ಅವನನ್ನು ಮೊಣಕೈಯಿಂದ ತಳ್ಳಿ ಆ ಕೈಯನ್ನು ನಾನು ಹಿಡಿದೆ.

"ಸುನ್ನುವಕ್ಕ, ನಿಮ್ಮ ಮೊಣಕಾಲು!" ಅಂದ ಸೀಮುನ್.

"ನನ್ನ ಮೊಣಕಾಲು ನಿನ್ನ ಹಲ್ಲಲ್ಲ, ಕಿತ್ತು ಬರಲ್ಲ. ಹಾಡು ನಡೀಲಿ."

ಹಾನುಸ್ ಕಟ್ಟಿದ ಹಾಡು ಚೆನ್ನಾಗಿತ್ತು, ಅದು ಇನ್ನೂ ಕಷ್ಟ. ಎರಡು ಪದ್ಯ ಬರೆಯುತ್ತೇನೆ:

ಕೊಲ್ಲಿಯ ಬಾಯಿಗೆ ಹಿಂಡು ಬಂದಿತ್ತು,
ಊರಿನ ಒಲೆಯೆಲ್ಲ ಕಾದಿತ್ತು;
ಹುಡುಗಿಯ ಕಂಡು ಎದ್ದನು ಬೈನಿರ್,
ದೋಣಿಗೆ ನಾಚಿಕೆ ಆಗಿತ್ತು!

ತಲೆ ಕೆಳಗಾಗಿ ನೀರಿಗೆ ಹೋದ,
ತಿಮಿಂಗಿಲ ಕೇಳಿತು, "ಇದು ಯಾರು?
ನಮ್ಮನು ಹಿಡಿಯಲು ಇವನೇ ಬಂದರೆ
ನಡೆಯಿರಿ ಮನೆಗೆ ಎಲ್ಲಾರು!"

ಈ ಎರಡನೆಯದಕ್ಕೆ ಮನೆ ಬಿದ್ದುಹೋಗುವ ಹಾಗೆ ನಗು. ರಾಗ್ನಾ ಕೂಡ ಲೋಟದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಅದನ್ನು ಅವನು ಕಂಡ. ಕಂಡ ಕೂಡಲೇ ಕೈ ಎಳೆದ. ನಿಜವಾಗಿ ಎಳೆದ, ಎಲ್ಸ್ಪಾ, ಇಪ್ಪತ್ತೆರಡರ ಬಲ. ನನ್ನ ಮಣಿಕಟ್ಟಿನಲ್ಲಿ ಏನೋ ಲಟಕ್ ಎಂದಿತು. "ಬಿಡಿ ಅತ್ತೆ!" ಎಂದು ಕಿವಿಯ ಹತ್ತಿರ ಕಿರುಚಿದ. ಸುತ್ತು ತಿರುಗುತ್ತಲೇ ಇತ್ತು, ನಿಲ್ಲುವ ಹಾಗಿಲ್ಲ. "ಬಿಡಲ್ಲ" ಅಂದೆ. "ಬಿಡಿ, ಬಿಡಿ" ಅಂದ. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನನ್ನ ಪಕ್ಕದವರು ನನ್ನ ಸೊಂಟದ ಪಟ್ಟಿ ಹಿಡಿದು ಕುಣಿದರು. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲು ಕೂಡ ಕೈ ಖಾಲಿ ಇರಲಿಲ್ಲ ಪಾಪ. ಇಡೀ ಊರು ನೋಡಿತು.

ಎಷ್ಟು ಸುತ್ತು ಹಾಗೆ ಹೋದೆವೋ ಗೊತ್ತಿಲ್ಲ. ಒಂದು ಹೊತ್ತಿನಲ್ಲಿ ಅವನ ಎಳೆತ ಸಡಿಲಾಯಿತು. ಆಮೇಲೆ ಅವನ ಹೆಜ್ಜೆಯ ಸದ್ದು ಬೇರೆಯಾಗಿ ಕೇಳಿಸತೊಡಗಿತು. ಎಲ್ಲರಿಗಿಂತ ಜೋರಾಗಿ ಬಡಿಯುತ್ತಿದ್ದ, ಹಲಗೆಗೂ ಅವನಿಗೂ ದ್ವೇಷವಿದ್ದ ಹಾಗೆ. ಆಮೇಲೆ ಪಲ್ಲವಿಯನ್ನು ತಾನೂ ಹಾಡಿದ. ಕೊನೆಯ ಪದ್ಯಕ್ಕೆ ಹಾನುಸ್ ಅವನ ಎದುರಿಗೇ ಬಂದು ಮುಖಕ್ಕೆ ಮುಖ ಕೊಟ್ಟು ಹೇಳಿದ:

ಹೋಗುವ ಹುಡುಗನೆ, ಒದ್ದೆಯ ಹುಡುಗನೆ,
ಕಡಲಿಗೆ ನಿನ್ನಯ ರುಚಿ ಗೊತ್ತು;
ಮೂರನೆ ಹುಟ್ಟಿಗೆ ಬೇರೆಯ ಕೈಯಿಲ್ಲ,
ಮರಳುವವರೆಗೂ ನಿನ ಸೊತ್ತು.

ಮುಗಿದ ಮೇಲೆ ಸೀಮುನ್ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಅವತ್ತಿನಿಂದ ನುಂಗಿಕೊಂಡಿದ್ದ ಬೈಗುಳವನ್ನೆಲ್ಲ ಒಂದೇ ಉಸಿರಿಗೆ ಬೈದ. ಬರೆಯುವ ಹಾಗಿಲ್ಲ. ಕೇಳಲು ಅಷ್ಟು ಹಿತವಾಗಿತ್ತು.

ಬೆಳಿಗ್ಗೆ ದೋಣಿ ಹೊರಡುವಾಗ ದಡದಲ್ಲಿ ಊರೇ ನಿಂತಿತ್ತು. ನನ್ನ ಕೈ ಊದಿದೆ, ಮುರಿದಿಲ್ಲ. ಅವನು ತಲುಪಿದ ಸುದ್ದಿ ಬರೆ.

ಸುನ್ನುವಾ


ಕೋಪನ್‌ಹೇಗನ್
೨೧ ಅಕ್ಟೋಬರ್ ೧೯೫೬

ಅಕ್ಕನಿಗೆ,

ಬೈನಿರ್ ಕ್ಷೇಮವಾಗಿ ತಲುಪಿದ. ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದಾನೆ. ಕ್ರೆಸ್ಟೆನ್, ಇಂಗಾ ಚೆನ್ನಾಗಿದ್ದಾರೆ.

ಅವನು ಕೋಟು ಬಿಚ್ಚಿದಾಗ ಮಣಿಕಟ್ಟು ನೋಡಿದೆ. ಐದು ಬೆರಳಿನ ಗುರುತು, ನೀಲಿಯಿಂದ ಹಳದಿಗೆ ತಿರುಗಿತ್ತು. ಹಡಗಿನಲ್ಲಿ ಏನಾದರೂ ತಗುಲಿತೆ ಎಂದು ಕೇಳಿದೆ. "ಇಲ್ಲ, ಅತ್ತೆ ಹಿಡಿದಿದ್ದು" ಅಂದ. ಮಾರನೆಯ ದಿನ ನಿನ್ನ ಕಾಗದ ಬಂತು.

ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ಅವನು ಬಿಡಿ ಎಂದು ಅತ್ತ, ನೀವು ಬಿಡಲಿಲ್ಲ. ಊರಿನವರು ನಗಲಿ ಎಂದು ಹಿಡಿದುಕೊಟ್ಟಿರಿ. ಅದನ್ನು ನಾಲ್ಕು ಪುಟ ಜಂಬದಿಂದ ಬರೆದಿದ್ದೀರಿ. ಒಂದು ಕೂಸನ್ನು ಸಾಕಿದ ಕೈ ಮಾಡುವ ಕೆಲಸವೆ ಅದು? ನನಗೂ ಹತ್ತೊಂಬತ್ತಾಗಿತ್ತು. ನಾನೂ ಅತ್ತಿದ್ದೆ. ನನ್ನನ್ನು ಮದುವೆಯಾಗುತ್ತೇನೆ ಎಂದವನು ಬರುವ ದಿನ, ಇದ್ದ ಒಂದು ಒಳ್ಳೆಯ ಉಡುಪು ಹಾಕಿಕೊಂಡು ಬಂಡೆಯ ಮೇಲೆ ಕಾದಿದ್ದೆ. ಬಂದ ದೋಣಿಯಲ್ಲಿ ಅವನಿರಲಿಲ್ಲ, ಊರಿಗೆ ತರಿಸಿದ್ದ ಬೀಜದ ಟಗರು ಇತ್ತು. ಅದರಲ್ಲಿ ನಗುವಂಥದ್ದೇನಿತ್ತು?

ಪೆಟ್ಟಿಗೆ ಹಿಡಿದು ಬಂಡೆಯ ಮೇಲೆ
ಕಾದಳು ಎಲ್ಸ್ಪಾ ದಿನವೆಲ್ಲ;
ದೋಣಿಯ ಇಳಿದನು ಗಂಡುಮಗನೊಬ್ಬ,
ಕೊಂಬಿತ್ತು, ಟೋಪಿ ಇರಲಿಲ್ಲ!

ನೋಡಿ, ಒಂದಕ್ಷರ ಮರೆತಿಲ್ಲ. ಪಾತ್ರೆ ತೊಳೆಯುವಾಗ, ಟ್ರಾಮಿನಲ್ಲಿ ಕೂತಾಗ, ಇಂಗಾ ಹುಟ್ಟುವ ನೋವಿನಲ್ಲಿ ಕೂಡ ಇದೇ ಬಂತು. ನಿಮ್ಮ ಪದ್ಧತಿ ಹೀಗೆ ಲೆಕ್ಕ ಚುಕ್ತಾ ಮಾಡುತ್ತದೆ.

ಹುಡುಗ ಇಲ್ಲಿ ಸುಖವಾಗಿರುತ್ತಾನೆ. ಅವನನ್ನು ಯಾರೂ ಹಿಡಿಯುವುದಿಲ್ಲ.

ಎಲ್ಸ್ಪಾ


ಕ್ವಾನ್ವಿಕ್
೧೧ ನವೆಂಬರ್ ೧೯೫೬

ಎಲ್ಸ್ಪಾ,

ಕುರಿ ಕಡಿದು ಮುಗಿಯಿತು. ಬೈನಿರ್‌ನ ಪಾಲಿನ ಕೆಲಸವನ್ನು ಸೀಮುನ್ ಮಾಡಿದ, ಕೇಳದೆಯೇ ಬಂದ. ಮಾಂಸ ಗಾಳಿಗುಡಿಸಲಿನಲ್ಲಿ ತೂಗುತ್ತಿದೆ.

ನೀನು ನನ್ನನ್ನು "ನೀವು" ಎಂದು ಬರೆದಿದ್ದೀಯ. ಚಿಕ್ಕಂದಿನಿಂದ ಒಂದೇ ಹೊದಿಕೆಯಲ್ಲಿ ಮಲಗಿದವರು ನಾವು. ಕಾಲುಚೀಲ ಕಳಿಸುತ್ತಿದ್ದೇನೆ. ಮೆತ್ತನೆಯ ಉಣ್ಣೆಯದು.

ಸುನ್ನುವಾ


ಕೋಪನ್‌ಹೇಗನ್
೧೮ ಡಿಸೆಂಬರ್ ೧೯೫೬

ಪ್ರೀತಿಯ ಅಕ್ಕ,

ಇಷ್ಟು ದಿನ ಬರೆಯಲಿಲ್ಲ. ಹಬ್ಬ ಹತ್ತಿರ ಬಂತು, ಹಾಗಾಗಿ ಬರೆಯುತ್ತಿದ್ದೇನೆ. ಕಾಲುಚೀಲ ಇಂಗಾಳಿಗೆ ಸರಿಯಾಯಿತು, ರಾತ್ರಿಯೂ ಬಿಚ್ಚುವುದಿಲ್ಲ.

ಬೈನಿರ್ ಈಗ ಸ್ವಲ್ಪ ಮಾತಾಡುತ್ತಾನೆ. ವಾರಕ್ಕೊಂದು ಕಾಗದ ರಾಗ್ನಾಗೆ ಹೋಗುತ್ತದೆ. ಕಳೆದ ಶನಿವಾರ ಕಾರ್ಖಾನೆಯ ಮೂವರು ಗೆಳೆಯರನ್ನು ಊಟಕ್ಕೆ ಕರೆದಿದ್ದ. ಉಂಡಾದ ಮೇಲೆ ನಿಮ್ಮೂರಲ್ಲಿ ಬೇಜಾರಾದರೆ ಏನು ಮಾಡುತ್ತೀರಿ ಎಂದು ಅವರು ಕೇಳಿದರು. ಇವನು ಎದ್ದು ಮೇಜು ಗೋಡೆಗೆ ಸರಿಸಿ, ಎಲ್ಲರ ಕೈ ಹಿಡಿಸಿ, ಸೊಂಟ ನೋಯುವ ಕ್ರೆಸ್ಟೆನ್‌ನನ್ನೂ ಎಳೆದು ಸುತ್ತು ಕಟ್ಟಿದ. ತನ್ನ ಹಾಡನ್ನೇ ಹಾಡಿದ, ಅಕ್ಕ! ತಾನು ನೀರಿಗೆ ಬಿದ್ದದ್ದನ್ನು ತಾನೇ, ಮೊದಲಿನಿಂದ ಕೊನೆಯವರೆಗೆ, ಕುಲುಕುಲು ನಗುತ್ತ. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಸೂರು ಬಡಿದರು. "ಇಡೀ ಊರೇ ಬಡಿದಿದೆ, ಇವರದೇನು ಮಹಾ" ಅಂದ.

ಅವನು ನಗುವುದನ್ನು ನೋಡಿ ನನಗೆ ಏನೇನೋ ಅನ್ನಿಸಿತು. ಬರೆಯಲು ಬರುವುದಿಲ್ಲ. ಆಮೇಲೆ ನನಗೆ ತಲೆನೋವು ಬಂತು, ಬೇಗ ಮಲಗಿದೆ.

ಬೇಸಿಗೆಗೆ ಊರಿಗೆ ಹೋಗಿ ಬರುತ್ತೇನೆ ಅನ್ನುತ್ತಿದ್ದಾನೆ. ನಿನ್ನ ಕೈ ಹೇಗಿದೆ?

ಎಲ್ಸ್ಪಾ


ಕ್ವಾನ್ವಿಕ್
೬ ಜನವರಿ ೧೯೫೭

ಪ್ರೀತಿಯ ಎಲ್ಸ್ಪಾ,

ನಿನ್ನ ತಲೆನೋವು ಹೇಗಿದೆ? ಕ್ರೆಸ್ಟೆನ್‌ನ ಸೊಂಟ ಕುಣಿತಕ್ಕೆ ಸರಿಹೋಯಿತಂತೆ, ಬೈನಿರ್ ಬರೆದಿದ್ದಾನೆ. ಇಂಗಾಳಿಗೆ ಮುತ್ತು. ನನ್ನ ಕೈ ಹಾಲು ಕರೆಯುವಷ್ಟಾಗಿದೆ.

ಬೈನಿರ್ ಇನ್ನೂ ಒಂದು ಬರೆದಿದ್ದಾನೆ. ಅವನ ಮೇಲೆ ಸಿಟ್ಟಾಗಬೇಡ, ಅವನಿಗೆ ಮುಚ್ಚಿಡಲು ಬರುವುದಿಲ್ಲ, ಆ ವಿದ್ಯೆ ನಮ್ಮಿಬ್ಬರದು. ತನ್ನ ಹಾಡು ಮುಗಿದ ಮೇಲೆ ಅವನು ನಿನ್ನದನ್ನು ಹಿಡಿದನಂತೆ. ನೀನು ಬೇಡವೆನ್ನಲಿಲ್ಲವಂತೆ. ಇಂಗಾಳ ಕೈ ಹಿಡಿದು ಮೊದಲ ಪದ್ಯಗಳಿಗೆ ಹೆಜ್ಜೆಯನ್ನೂ ಹಾಕಿದೆಯಂತೆ. ಟಗರು ನಿನ್ನ ಉಡುಪಿನ ಅಂಚು ತಿನ್ನುವ ಪದ್ಯ ಬಂದಾಗ ಕೈ ಬಿಡಿಸಿಕೊಂಡು ಮೆಟ್ಟಿಲಿಗೆ ಹೋಗಿ ಕತ್ತಲಲ್ಲಿ ಕೂತೆಯಂತೆ.

ಅದೇ ಪದ್ಯ, ಎಲ್ಸ್ಪಾ. ಆವತ್ತೂ ನೀನು ಹೋದದ್ದು ಅಲ್ಲಿಗೇ. ಬಾಗಿಲು ಬಡಿದ ಸದ್ದು ನನಗೆ ಇನ್ನೂ ಕೇಳುತ್ತದೆ. ಆಮೇಲೆ ನೀನಿಲ್ಲದೆಯೇ ಹಾಡು ಮುಂದುವರಿಯಿತು, ನಿನ್ನ ಜಾಗದಲ್ಲಿ ಯಾರೂ ಕೈ ಸೇರಿಸಲಿಲ್ಲ, ಸುತ್ತು ಅಲ್ಲಿ ಬಾಯಿ ಬಿಟ್ಟುಕೊಂಡೇ ತಿರುಗಿತು. ಅಪ್ಪನೂ ಇದ್ದ. ಮುಂದಿನ ಪದ್ಯಗಳಲ್ಲಿ ಏನಿತ್ತು ಎಂದು ನೀನು ಇವತ್ತಿನವರೆಗೆ ಕೇಳಿಲ್ಲ. ನಾನೂ ಎಂದೂ ಹೇಳಲಿಲ್ಲ, ಯಾಕೆಂದರೆ ಆ ಮಾತೆತ್ತಿದರೆ ನೀನು ಕಾಗದ ಬರೆಯುವುದನ್ನೇ ಬಿಟ್ಟೀಯ ಎಂದು ಹೆದರುತ್ತಿದ್ದೆ.

ಟಗರಿನ ಮೇಲಿನ ನಗು ಆ ಪದ್ಯಕ್ಕೇ ಮುಗಿಯುತ್ತದೆ. ಅಲ್ಲಿಂದ ಮುಂದೆ ಹಾಡು ಬರುತ್ತೇನೆಂದು ಹೇಳಿ ಬಾರದೆ ಹೋದವನ ಕಡೆಗೆ ತಿರುಗುತ್ತದೆ. ಅವನಿಗೆ ಹಾನುಸ್ ಏನೇನು ಬಡಿದಿದ್ದಾನೆ ಅನ್ನುತ್ತೀಯ! ಕೊನೆಯ ಪದ್ಯ ನಿನ್ನದು. ಅದನ್ನು ಬರೆದು ಕಳಿಸಲೆಂದು ಮೂರು ಸಲ ಕೂತೆ. ಕಾಗದದ ಮೇಲೆ ಅದು ಸತ್ತ ಮೀನಿನ ಹಾಗೆ ಕಾಣುತ್ತದೆ. ಅದನ್ನು ಎದುರಿಗೆ ನಿಂತು, ಮುಖ ನೋಡಿ ಹೇಳಬೇಕು. ಹೇಳಬೇಕಾದ ಹಾನುಸ್‌ಗೆ 'ಎಲ್ಸ್ಪಾ ಬರ್ತಾಳೇನೋ' ಎಂದು ಸುಮ್ಮನೆ ಒಂದು ಮಾತು ಅಂದೆ. ಅವನು ಪೈಪು ತಟ್ಟಿದ. "ಅವಳಿಗೆ ಅಂತ ಕಟ್ಟಿದ ಪದ್ಯ ಸುನ್ನುವಕ್ಕ, ಅವಳಿಗೇ ಹೇಳಕ್ಕಾಗ್ಲಿಲ್ಲ. ನಂಗೂ ಇನ್ನೆಷ್ಟು ಚಳಿಗಾಲ" ಅಂದ. ಎದೆ ಕಟ್ಟಿದೆ ಅವನಿಗೆ, ಮೆಟ್ಟಿಲು ಹತ್ತಿದರೆ ಉಸಿರು ಸಿಳ್ಳೆ ಹೊಡೆಯುತ್ತದೆ.

ಬೇಸಿಗೆಗೆ ಬೈನಿರ್ ಬರುವಾಗ ಜೊತೆಗೆ ಬಾ. ಕ್ರೆಸ್ಟೆನ್‌ನನ್ನೂ ಇಂಗಾಳನ್ನೂ ಕರೆದುಕೊಂಡು ಬಾ. ಒಂದು ಕೈಯನ್ನು ಬೈನಿರ್ ಹಿಡಿಯುತ್ತಾನಂತೆ, ಅವನೇ ಬರೆದಿದ್ದಾನೆ. ಇನ್ನೊಂದನ್ನು ನಾನು ಹಿಡಿಯುತ್ತೇನೆ. ನೀನು ಎಷ್ಟಾದರೂ ಎಳಿ, ಬೈಯಿ, "ನೀವು" ಅನ್ನು, ನಾನು ಬಿಡುವುದಿಲ್ಲ.

ಯಾವ ಹಡಗಿಗೆ ಹೊರಡುತ್ತೀಯ ಎಂದು ಬೇಗ ಬರೆ.

ನಿನ್ನ ಅಕ್ಕ,
ಸುನ್ನುವಾ